ಬಾಲ ಮುರಿದ ಎರಡು

ಗಾಡಿಗಳ ಚಕ್ರ ನೇರ ಮಾಡುವ ಆ ಶೆಡ್ಡಿಗೆ ಬರುವವರೆಲ್ಲ ಅವಳನ್ನು ಮೂರ್ಸಲದಕ್ಕ ಎಂದೇ ಕರೆಯುತ್ತಿದ್ದರು. ಯಾವ ಅಳತೆಯನ್ನಾದರೂ ಮೂರು ಸಲ ತೆಗೆಯದೆ ಅವಳು ಸೀಮೆಸುಣ್ಣ ಕೆಳಗಿಡುತ್ತಿರಲಿಲ್ಲ. ಮೊದಲ ಸಲವೇ ಸರಿ ಬಂದರೂ ಅಷ್ಟೇ, ಗಾಡಿಯವನು ಗಡಿಯಾರ ನೋಡಿಕೊಂಡು ಚಡಪಡಿಸಿದರೂ ಅಷ್ಟೇ. "ನೋಡೋಕೆ ಬಂದ ಗಂಡನ್ನೂ ಮೂರು ಸಲ ಅಳೆದಿರಬೇಕು, ಅದಕ್ಕೇ ಓಡಿಹೋದ" ಎಂದು ಎದುರಿನ ಟೈರು ಅಂಗಡಿಯವನು ಬಂದವರ ಮುಂದೆಲ್ಲ ಹೇಳುತ್ತಿದ್ದ. "ಓಡಿಹೋಗಲಿಲ್ಲಪ್ಪ, ಅಳತೆಗೆ ಕಮ್ಮಿ ಬಿದ್ದ" ಎಂದು ಅವಳು ಆಕ್ಸಲಿನ ಕೆಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ಅವನು ನಗುತ್ತಿದ್ದ, ಅವಳೂ ನಗುತ್ತಿದ್ದಳು. ಮೂರು ಸಲ ಯಾಕೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಇಲ್ಲವೋ.

ಶೆಡ್ಡು ಅಪ್ಪ ಕಟ್ಟಿದ್ದು. ನೆಲಕ್ಕೆ ಅವರು ನೀರಿನ ಮಟ್ಟ ಇಟ್ಟು ಸಿಮೆಂಟು ಬಳಿಸಿದ್ದರು. ಒಂದು ಗೋಲಿ ಇಟ್ಟರೆ ಯಾವ ಕಡೆಗೂ ಉರುಳದ ನೆಲ ಅದು. ಈಗ ಅಪ್ಪನಿಗೆ ಎಪ್ಪತ್ತನಾಲ್ಕು. ಮಂಡಿ ಕೈಕೊಟ್ಟ ಮೇಲೆ ಗಾಡಿಯಡಿ ನುಗ್ಗುವುದು ನಿಂತಿತ್ತು. ಆದರೆ ಬೆಳಿಗ್ಗೆ ಎಂಟಕ್ಕೆ ಬಾಗಿಲ ಪಕ್ಕದ ಕುರ್ಚಿಗೆ ಬಂದು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಕೂತಲ್ಲಿಂದಲೇ ಗಾಡಿಯ ಸದ್ದು ಕೇಳಿ "ಬಲಗಡೆ ಬೇರಿಂಗ್ ಹೋಗಿದೆ" ಎನ್ನುತ್ತಿದ್ದರು, ಹೋಗಿರುತ್ತಿತ್ತು. ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು. ಮಗನೊಬ್ಬನ ಬಗ್ಗೆ ಮಾತ್ರ ಇಲ್ಲ. ಅವನು ಮನೆ ಬಿಟ್ಟು ಹೋಗಿ ಹದಿನೇಳು ವರ್ಷವಾಗಿತ್ತು.

ಒಂದು ಮಂಗಳವಾರ ಬೆಳಿಗ್ಗೆ ದನದ ಡಾಕ್ಟರಮ್ಮ ಬಂದರು. ಬೆಟ್ಟದ ಮೇಲಿನ ದೊಡ್ಡಿಗಳಿಗೆಲ್ಲ ತಾವೇ ಗಾಡಿ ಓಡಿಸಿಕೊಂಡು ಹೋಗುವ, ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಅವರ ಜೀಪು ನಾಲ್ಕೂ ಚಕ್ರ ಎಳೆಯುವಂಥದು. ತಳಕ್ಕೆ ಬಂಡೆ ತಾಗದಿರಲೆಂದು ಮೈಯನ್ನು ಎತ್ತರಿಸಿದ್ದರಿಂದ, ಹತ್ತಬೇಕಾದರೆ ಒಂದು ಕಾಲು ಮೊದಲು ಮೆಟ್ಟಿಲಿಗಿಟ್ಟು, ಕಂಬಿ ಹಿಡಿದು, ಆಮೇಲೆ ಮೈ ಎತ್ತಬೇಕು.

"ಮೂರು ತಿಂಗಳಾಯ್ತು ತಗೊಂಡು. ಬೆಟ್ಟ ಹತ್ತೋದರಲ್ಲಿ ಹುಲಿ. ಆದರೆ ನೇರ ರಸ್ತೇಲಿ ಸ್ಟೇರಿಂಗು ಎಡಕ್ಕೆ ತಿರುಗಿಸಿ ಹಿಡಿದುಕೊಂಡರೇನೇ ನೇರ ಹೋಗೋದು. ಹಿಂದೆ ಬರೋರು ಹೇಳ್ತಾರೆ, ಮೂತಿ ಒಂದು ಕಡೆ ಬಾಲ ಒಂದು ಕಡೆ ಅಂತ. ಹಿಂಗಾಲು ಉಳುಕಿದ ದನ ನಡೆಯತ್ತಲ್ಲ, ಥೇಟ್ ಹಾಗೆ."

"ಯಾವಾಗಿಂದ?"

"ನಾನು ತಗೊಂಡಾಗಿಂದಲೇ ಸ್ವಲ್ಪ ಇತ್ತು. ಈಗ ಜಾಸ್ತಿ. ಎತ್ತರಿಸಿದ್ದರಿಂದಲೇ ಹಾಗೆ, ಎಲ್ಲ ಬಿಚ್ಚಿ ಹಳೇ ಎತ್ತರಕ್ಕೇ ಇಳಿಸಿಬಿಡಿ ಅಂತ ಒಬ್ಬ ಹೇಳಿದ. ಇಳಿಸಿದರೆ ಬಂಡೆ ಮೇಲೆ ಹೊಟ್ಟೆ ಕೂರತ್ತೆ. ನೀವು ನೋಡಿ ಹೇಳಿ ಅಕ್ಕ."

ಅವಳು ಮೊದಲು ನಾಲ್ಕೂ ಟೈರಿನ ಗಾಳಿ ಒಂದೇ ಮಾಡಿದಳು. ಜೀಪನ್ನು ಮಟ್ಟದ ನೆಲಕ್ಕೆ ತಂದು, ನಾಲ್ಕು ಮೂಲೆಯಲ್ಲೂ ಒಂದೊಂದು ಸಲ ಒತ್ತಿ ಕುಣಿಸಿ, ತಾನಾಗಿ ನಿಲ್ಲಲು ಬಿಟ್ಟಳು. ಆಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದಳು. ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ. ಮುಂದಿನೆರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಹಿಂದಿನೆರಡೂ ಒಂದೇ. ಮತ್ತೆ ಅಳೆದಳು. ಮತ್ತೂ ಒಂದು ಸಲ ಅಳೆದಳು. ಸಾಧಾರಣವಾಗಿ ಎತ್ತರಿಸಿದ ಗಾಡಿಗಳಲ್ಲಿ ಹೀಗೆ ಸಿಗುವುದಿಲ್ಲ. ಡ್ರೈವರು ಕೂರುವ ಕಡೆ ಬೆರಳಗಲ ಕುಸಿದೇ ಇರುತ್ತದೆ. ಇದನ್ನು ಮಾಡಿದವನು ಕೂರುವವರ ಭಾರವನ್ನೂ ಲೆಕ್ಕಕ್ಕೆ ಹಿಡಿದು, ಆ ಕಡೆಯ ಸ್ಪ್ರಿಂಗ್ ಪ್ಲೇಟನ್ನು ಒಂದಿಷ್ಟು ಹೆಚ್ಚು ಬಾಗಿಸಿದ್ದ.

"ಎತ್ತರ ಮಾಡಿದ ಕೈ ಚೆನ್ನಾಗಿದೆ" ಎಂದಳು. ಅಪ್ಪ ಕುರ್ಚಿಯಿಂದ ಕತ್ತು ಚಾಚಿ ನೋಡಿದರು.

ದೀಪ ಹಿಡಿದು ಮುಂದಿನ ಆಕ್ಸಲಿನ ಕೆಳಗೆ ಮಲಗಿದಳು. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಉಕ್ಕಿನ ಆಪು ಕೊಟ್ಟಿದ್ದರು, ಒಂದಂಚು ದಪ್ಪ, ಇನ್ನೊಂದಂಚು ತೆಳುವಾದ ಬೆಣೆ. ಗಾಡಿ ಎತ್ತರಿಸಿದಾಗ ಆಕ್ಸಲು ಸ್ವಲ್ಪ ಮುಂದಕ್ಕೆ ಉರುಳಿಕೊಳ್ಳುತ್ತದೆ. ಅದನ್ನು ಮತ್ತೆ ಹಿಂದಕ್ಕೆ ವಾಲಿಸದಿದ್ದರೆ ಸ್ಟೇರಿಂಗು ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ರಸ್ತೆಯ ಮೇಲೆ ಕುಡಿದವನಂತೆ ಆಡುತ್ತದೆ. ಅದಕ್ಕೇ ಈ ಆಪು. ಅವಳು ಎಡಗಡೆಯ ಆಪಿನ ಮಣ್ಣು ಒರೆಸಿದಳು. ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ್ದರು. ದಪ್ಪ ಅಂಚಿನ ಮೇಲೆ, ಎಷ್ಟು ಡಿಗ್ರಿ ಎಂದು ಗುರುತಿಗೆ, ಸುತ್ತಿಗೆಯಿಂದ ಹೊಡೆದು ಮೂಡಿಸುವ ಉಳಿಯಚ್ಚಿನಲ್ಲಿ ಒಂದು ಅಂಕಿ ಹಾಕಿದ್ದರು.

ಎರಡು. ಕೆಳಗಿನ ಗೆರೆ ಅರ್ಧಕ್ಕೇ ನಿಂತ ಎರಡು.

ಅವಳು ದೀಪವನ್ನು ಇನ್ನೂ ಹತ್ತಿರ ಹಿಡಿದಳು. ಅಪ್ಪನ ಉಳಿಯಚ್ಚಿನ ಪೆಟ್ಟಿಗೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳಿದ್ದವು. ಏಳು ವರ್ಷದವಳಿದ್ದಾಗ ಅವಳು ಎರಡರ ಅಚ್ಚನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದಿದ್ದಳು. ಕಲ್ಲು ಒಡೆಯಲಿಲ್ಲ, ಎರಡರ ಬಾಲ ಮುರಿಯಿತು. ಅಪ್ಪನಿಗೆ ಗೊತ್ತಾಗುವ ಮೊದಲೇ ಅಣ್ಣ ಅದನ್ನು ತನ್ನ ಜೇಬಿಗೆ ಹಾಕಿಕೊಂಡು, "ನನ್ನ ಕೈಯಿಂದ ಬಿತ್ತು" ಎಂದು ಒಂದು ಏಟು ತಿಂದಿದ್ದ. ಮನೆ ಬಿಡುವಾಗ ಅವನು ಒಯ್ದಿದ್ದು ಎರಡು ಜೊತೆ ಬಟ್ಟೆ ಮತ್ತು ಆ ಪೆಟ್ಟಿಗೆ. ಮೂಲೆ ದುಂಡಗೆ ಮಾಡುವುದೂ ಅವನದೇ ಅಭ್ಯಾಸ. "ಮುಂದೆ ಬಿಚ್ಚೋನ ಕೈ ಕುಯ್ಯಬಾರದು ಪುಟ್ಟೀ" ಎನ್ನುತ್ತಿದ್ದ.

ಮುಂದೆ ಬಿಚ್ಚುವವಳು ಈಗ ಅಂಗಾತ ಮಲಗಿ, ಹೆಬ್ಬೆರಳಿನಿಂದ ಆ ಮೂಲೆಯನ್ನು ಸವರುತ್ತಿದ್ದಳು. ಅವನು ಬದುಕಿದ್ದಾನೆ. ಇದು ಹಳೇ ತುಕ್ಕಲ್ಲ. ನಾಲ್ಕು ವರ್ಷಕ್ಕಿಂತ ಹಿಂದಿನ ಕೆಲಸವಲ್ಲ.

"ಏನಾಯ್ತು ಅಕ್ಕ, ನಿದ್ದೆ ಬಂತಾ?" ಎಂದರು ಡಾಕ್ಟರಮ್ಮ.

"ಇಲ್ಲ, ನೋಡ್ತಿದ್ದೀನಿ."

ಆದರೆ ಗಾಡಿ ಓರೆ ಓಡುತ್ತಿರುವುದೂ ನಿಜವಲ್ಲವೇ? ಮುಂದಿನದೆಲ್ಲ ಸರಿಯಿದ್ದರೆ ತಪ್ಪು ಹಿಂದಿನ ಆಕ್ಸಲಿನಲ್ಲಿರಬೇಕು. ಅದನ್ನು ಕೂರಿಸಿದವನೂ ಅಣ್ಣನೇ ಆಗಿರಬೇಕು. ಅವಳು ಗಾರೆಯವರ ತೂಗುಗುಂಡು ತಂದು, ಗಾಡಿಯ ತಳದ ಚೌಕಟ್ಟಾದ ಚಾಸಿಯ ಎರಡು ಕಡೆಯಿಂದಲೂ ಆಕ್ಸಲಿನ ಎರಡು ತುದಿಯಿಂದಲೂ ದಾರ ಇಳಿಬಿಟ್ಟು, ಗುಂಡಿನ ಮೊನೆ ಮುಟ್ಟಿದಲ್ಲಿ ನೆಲಕ್ಕೆ ಸೀಮೆಸುಣ್ಣದ ಚುಕ್ಕೆ ಇಟ್ಟಳು. ಜೀಪನ್ನು ಮುಂದಕ್ಕೆ ತಳ್ಳಿಸಿದಳು. ನೆಲದ ಮೇಲೆ ಚುಕ್ಕೆಗಳಷ್ಟೇ ಉಳಿದವು. ಮೂಲೆಯಿಂದ ಮೂಲೆಗೆ ಟೇಪು ಎಳೆದಳು. ಆಕ್ಸಲು ಚಾಸಿಗೆ ಸರಿಯಾಗಿ ಅಡ್ಡ ಕೂತಿದ್ದರೆ ಎರಡು ಓರೆ ಅಳತೆಗಳೂ ಒಂದೇ ಬರಬೇಕು. ಬರಲಿಲ್ಲ. ಎಡಗಡೆಯ ತುದಿ ಹನ್ನೊಂದು ಮಿಲಿಮೀಟರು ಹಿಂದಕ್ಕೆ ಸರಿದಿತ್ತು.

ಎರಡನೇ ಸಲ ಅಳೆದಳು. ಹನ್ನೊಂದು. ಮೂರನೇ ಸಲ ಹನ್ನೊಂದು. 'ಬೇರೆ ಯಾರದಾದರೂ ತಪ್ಪಾಗಿರಲಿ ದೇವರೇ, ಅವನದಾಗದಿರಲಿ' ಎಂದುಕೊಂಡು ಹಿಂದಿನ ಎಡಗಡೆಯ ಯು-ಬೋಲ್ಟು ಬಿಚ್ಚಿದಳು. ಸ್ಪ್ರಿಂಗಿನ ಪ್ಲೇಟುಗಳನ್ನು ಪೋಣಿಸುವ ನಡುಬೋಲ್ಟಿನ ತಲೆ ಆಕ್ಸಲಿನ ಗೂಡಿನಲ್ಲಿ ಬಿಗಿಯಾಗಿ ಕೂರಬೇಕು. ಆಕ್ಸಲು ಅತ್ತಿತ್ತ ಹೋಗದಂತೆ ಹಿಡಿಯುವುದು ಅದೇ. ಇಲ್ಲಿ ಯಾವನೋ ಪುಣ್ಯಾತ್ಮ ಸಣ್ಣ ತಲೆಯ ಬೋಲ್ಟು ತುರುಕಿದ್ದ. ಅದು ಗೂಡಿನಲ್ಲಿ ಲೊಡಲೊಡ ಆಡಿ ಆಡಿ, ಆಕ್ಸಲು ಜಾರಿತ್ತು. ಬೋಲ್ಟು ಹೊಸದು, ಅಂಗಡಿಯ ಹೊಳಪೂ ಹೋಗಿರಲಿಲ್ಲ. ಬಲಗಡೆ ಬಿಚ್ಚಿ ನೋಡಿದಳು. ಅಲ್ಲಿ ಅಣ್ಣ ಹಾಕಿದ್ದ ಹಳೆಯ ಬೋಲ್ಟು, ಗೂಡಿಗೆ ಸರಿಯಾಗಿ ಕಡೆದದ್ದು, ಹಲ್ಲಿನಂತೆ ಕೂತಿತ್ತು.

"ನಡುವೆ ಯಾರಾದರೂ ಎಡಗಡೆ ಪ್ಲೇಟು ಬದಲಾಯಿಸಿದ್ರಾ?"

"ನನಗೆ ಮಾರೋ ಮುಂಚೆ ಒಂದು ಪ್ಲೇಟು ಮುರಿದಿತ್ತಂತೆ, ದಾರೀಲಿ ಯಾರೋ ಹಾಕಿಕೊಟ್ಟರಂತೆ."

ಅವಳು ಎದ್ದು ಕೂತು ಬೆವರಿನ ಜೊತೆ ಕಣ್ಣನ್ನೂ ಒರೆಸಿಕೊಂಡಳು. ಯಾರೋ ಪರೀಕ್ಷೆಯಲ್ಲಿ ಪಾಸಾದಂತೆ ಅವಳಿಗೆ ಸಂತೋಷವಾಯಿತು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. "ಇಷ್ಟಕ್ಕೇ ಅಳ್ತೀರಾ? ಸರಿಹೋಗತ್ತೆ ತಾನೇ?" ಎಂದು ಗಾಬರಿಯಾದರು.

"ಹೋಗತ್ತೆ. ಬೋಲ್ಟು ಕಡೆಸಬೇಕು. ಗುರುವಾರ ಬನ್ನಿ. ಎತ್ತರ ಇಳಿಸೋದೇನೂ ಬೇಡ."

ಬಾಡಿಗೆ ಗಾಡಿ ಹತ್ತಿ ಡಾಕ್ಟರಮ್ಮ ಹೋದ ಮೇಲೆ ಅವಳು ಮುಂದಿನ ಎಡಗಡೆಯ ಆಪನ್ನೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಪ್ಪನ ಕೈಗಿಟ್ಟಳು. ಅಪ್ಪ ಕನ್ನಡಕ ಏರಿಸಿದರು, ಇಳಿಸಿದರು. ಅಂಕಿಯ ಮೇಲೆ ಉಗುರು ಆಡಿಸಿದರು. ಆಪನ್ನು ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕೂತರು. ಆಮೇಲೆ, "ಯಾರೋ ಚೆನ್ನಾಗಿ ಮಾಡಿದ್ದಾನೆ" ಎಂದು ಎದ್ದು ಹಿತ್ತಲಿಗೆ ಹೋದರು. ಮುಖ ತೊಳೆಯುವ ನೀರಿನ ಸದ್ದು ನಿಲ್ಲಲೇ ಇಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ, ಹದಿನೇಳು ವರ್ಷದಿಂದ ಮುಚ್ಚಿಟ್ಟಿದ್ದನ್ನು ಅವಳು ಹೇಳಿಬಿಟ್ಟಳು.

ಆಗ ಅವಳಿಗೆ ಹತ್ತೊಂಬತ್ತು, ಅಣ್ಣನಿಗೆ ಇಪ್ಪತ್ತಾರು. ರಸ್ತೆ ಗುತ್ತಿಗೆದಾರನೊಬ್ಬನ ಗಾಡಿ ಎತ್ತರಿಸುವ ಕೆಲಸ ಬಂದಿತ್ತು. ಅಣ್ಣ ಗಾಡಿಯಡಿ ಮಲಗಿದ್ದ. ಕೋನದ ಮಾಪಕ ನೋಡಿ ಕೂಗಿ ಹೇಳುವುದು ಅವಳ ಪಾಲಿನ ಕೆಲಸ. ಗೆಳತಿಯರು ಸಿನಿಮಾಕ್ಕೆ ಕರೆದು, ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದರು. ಅವಳು ಮಾಪಕವನ್ನು ಆಚೆ ಕಡೆಯಿಂದ ಓದಿ, ಮುಂದಕ್ಕೆ ಎರಡು ಅನ್ನಬೇಕಾದಲ್ಲಿ "ಹಿಂದಕ್ಕೆ ಎರಡು!" ಎಂದು ಕೂಗಿ, ಕೈ ತೊಳೆದು ಓಡಿದ್ದಳು. ಅಣ್ಣ ಆಪನ್ನು ತಿರುಗುಮುರುಗು ಇಟ್ಟ. ಮೂರನೇ ದಿನ ಗಾಡಿ ದೊಡ್ಡ ರಸ್ತೆಯ ತಿರುವಿನಲ್ಲಿ ಹಿಡಿತಕ್ಕೆ ಸಿಗದೆ ಹಳ್ಳಕ್ಕಿಳಿಯಿತು. ಡ್ರೈವರಿನ ಕಾಲು ಎರಡು ಕಡೆ ಮುರಿಯಿತು. ಅಪ್ಪ ಬೀದಿಯವರೆಲ್ಲ ಕೇಳುವಂತೆ, "ಈ ಕೈ ಇನ್ನು ನನ್ನ ಶೆಡ್ಡಲ್ಲಿ ಸ್ಪ್ಯಾನರು ಮುಟ್ಟಬಾರದು" ಎಂದು ಮಗನನ್ನು ಬೈದರು. ಅಣ್ಣ ಒಂದೇ ಒಂದು ಸಲ ಅವಳ ಕಡೆ ನೋಡಿದ. "ನನ್ನದೇ ತಪ್ಪು" ಎಂದ. ಕುಂಬಳಕಾಯಿ ಕಳ್ಳನ ಹಾಗೆ ಅವಳು ತನ್ನ ಹೆಗಲನ್ನು ತಾನೇ ಮುಟ್ಟಿಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ನಾಳೆ ಹೇಳೋಣ, ಅಪ್ಪನ ಕೋಪ ಇಳಿದ ಮೇಲೆ ಹೇಳೋಣ ಎಂದುಕೊಳ್ಳುತ್ತಿರುವಾಗಲೇ ಒಂದು ವಾರ ಕಳೆಯಿತು. ಅಣ್ಣನ ಹಾಸಿಗೆ ಖಾಲಿಯಾಗಿತ್ತು.

ಅಪ್ಪ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟರು. "ಈಗ ಹೇಳ್ತೀಯಾ?" ಎಂದರು. ಧ್ವನಿ ಏರಲಿಲ್ಲ. "ಹದಿನೇಳು ವರ್ಷ ನನ್ನ ಕೈಲಿ ಅವನನ್ನ ಬೈಸಿದೆಯಲ್ಲೇ. ಮನಸ್ಸಲ್ಲಿ ಎಷ್ಟು ಬೈದಿದ್ದೀನಿ ಗೊತ್ತಾ ನಿನಗೆ?"

ಅವರು ಮೂರು ದಿನ ಅವಳೊಂದಿಗೆ ಮಾತಾಡಲಿಲ್ಲ. ಟೈರು ಅಂಗಡಿಯವನ ಮೂಲಕ "ಚಹಾ ಬೇಕು ಅಂತ ಹೇಳು" ಎಂದು ಹೇಳಿ ಕಳಿಸಿದರು. ಅವನು ಇಬ್ಬರ ಮುಖವನ್ನೂ ನೋಡಿ, ಜೋಕು ನುಂಗಿಕೊಂಡು, ಹೇಳಿ ಹೋದ. ಅವಳು ಬೋಲ್ಟು ಕಡೆಸಿ ತಂದಳು, ಆಪನ್ನು ಮೊದಲಿನಂತೆಯೇ ಕೂರಿಸಿದಳು, ಹಿಂದಿನ ಆಕ್ಸಲನ್ನು ಹನ್ನೊಂದು ಮಿಲಿಮೀಟರು ಮುಂದಕ್ಕೆ ತಂದು ಬಿಗಿದಳು. ಓರೆ ಅಳತೆಗಳು ಒಂದಾದವು. ಮೂರು ಸಲವೂ ಒಂದಾದವು. ಕೆಲಸ ಮುಗಿದ ಮೇಲೂ ಅವಳು ಸುಮ್ಮನೆ ಜೀಪಿನ ಸುತ್ತ ಸುತ್ತುತ್ತಿದ್ದಳು. ಅಣ್ಣನ ಕೈ ಎಲ್ಲೆಲ್ಲಿ ಆಡಿದೆ ಎಂದು ಹುಡುಕುವುದೇ ಒಂದು ಚಟವಾಗಿತ್ತು. ಬ್ರೇಕಿನ ಪೈಪು ಚಾಸಿಗೆ ಉಜ್ಜದಂತೆ ಹಳೆಯ ಟ್ಯೂಬಿನ ತುಂಡು ಸುತ್ತಿದ್ದ. ತಂತಿಗೆ ಹಾಕಿದ ಗಂಟನ್ನು, ಚುಚ್ಚದ ಹಾಗೆ, ಒಳಕ್ಕೆ ಮಡಚಿದ್ದ.

ಗುರುವಾರ ಡಾಕ್ಟರಮ್ಮನ ಜೊತೆ ದೊಡ್ಡ ರಸ್ತೆಗೆ ಹೋಗಿ ಓಡಿಸಿ ನೋಡಿದಳು. ಜೀಪು ದಾರ ಹಿಡಿದಂತೆ ನೇರ ಹೋಯಿತು. ಡಾಕ್ಟರಮ್ಮ ಸ್ಟೇರಿಂಗಿನ ಮೇಲೆ ಎರಡು ಬೆರಳು ಮಾತ್ರ ಉಳಿಸಿ "ಅಯ್ಯೋ, ದನ ವಾಸಿಯಾಯ್ತಲ್ರೀ!" ಎಂದು ನಕ್ಕರು. ಆಗ ಅವಳು ಕೇಳಿದಳು, ಈ ಗಾಡಿಯನ್ನು ಎತ್ತರಿಸಿದವರು ಯಾರು, ಎಲ್ಲಿ ಅಂತ. ಯಾಕೆ ಎಂದೂ ಹೇಳಿದಳು. ಡಾಕ್ಟರಮ್ಮ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹಳೆಯ ಯಜಮಾನನಿಗೆ ಆಗಲೇ ಫೋನು ಹಚ್ಚಿದರು. ಅವನು ಕಾಡಿನ ಸರ್ವೆಯವನು. ಬೆಟ್ಟದ ಆಚೆ ಮಗ್ಗುಲಿಗೆ, ಕಲ್ಲುಕ್ವಾರಿ ದಾಟಿ, ಸುಣ್ಣದ ಗೂಡಿನ ಪಕ್ಕ ಒಂದು ತಗಡಿನ ಶೆಡ್ಡಂತೆ. ಮಾತು ಕಮ್ಮಿಯ ಮೆಕ್ಯಾನಿಕ್ಕಂತೆ. ಎಲ್ಲರೂ ಮೇಷ್ಟ್ರು ಅನ್ನುತ್ತಾರಂತೆ.

"ಶನಿವಾರ ಆ ಕಡೆಗೇ ಲಸಿಕೆ ಹಾಕೋಕೆ ಹೋಗ್ತಿದ್ದೀನಿ. ಬನ್ನಿ. ಆದರೆ ಒಂದು ಗಂಟೆಗಿಂತ ಹೆಚ್ಚು ನಿಲ್ಲೋಕಾಗಲ್ಲ, ಔಷಧಿ ಮಂಜುಗಡ್ಡೇಲಿ ಇರತ್ತೆ."

ಶನಿವಾರ ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿರುವಾಗ ಅಪ್ಪ ಮಾತಾಡಿದರು. "ಅವನು ಕನ್ನಡಕ ಹಾಕ್ತಾನಾ ನೋಡ್ಕೊಂಡು ಬಾ. ನನಗೆ ನಲವತ್ತಕ್ಕೇ ಬಂತು."

"ಬೇರೇನೂ ಹೇಳೋದಿಲ್ವಾ?"

"ಮೊದಲು ಅದು ನೋಡು."

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಳ್ಳುತ್ತಿದ್ದಳು. ಅಣ್ಣಾ ನನ್ನ ಕ್ಷಮಿಸು ಎನ್ನಬೇಕೇ? ಮೊದಲು ಅತ್ತುಬಿಟ್ಟರೆ? ಅವನು ಗುರುತೇ ಹಿಡಿಯದಿದ್ದರೆ? ಇಷ್ಟು ವರ್ಷ ಕನಸಿನಲ್ಲಿ ಅವನು ಬರುತ್ತಿದ್ದ. ಬಂದಾಗಲೆಲ್ಲ ಇಪ್ಪತ್ತಾರರವನೇ, ತಲೆತುಂಬ ಕೂದಲು, ಕಿವಿಯ ಹಿಂದೆ ಪೆನ್ಸಿಲು. ಎಚ್ಚರವಾದ ಮೇಲೆ ಅರ್ಧ ದಿನ ಅವಳ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಬೀದಿಯಲ್ಲಿ ಯಾವ ಗಂಡಸು ಬೆನ್ನು ಮಾಡಿ ನಿಂತಿದ್ದರೂ ಭುಜದ ಓರೆ ನೋಡುತ್ತಿದ್ದಳು. ಅಣ್ಣನ ಬಲಭುಜ ಎಡಕ್ಕಿಂತ ತುಸು ಕೆಳಗೆ.

ಕ್ವಾರಿಯ ಬಿಳೀ ದೂಳು ದಾಟಿ, ಜೀಪು ತಗಡಿನ ಶೆಡ್ಡಿನ ಮುಂದೆ ನಿಂತಿತು. ಒಳಗೆ ಒಬ್ಬ ಗಂಡಸು ಟೈರಿನ ಮೇಲೆ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ. ತಲೆ ಮುಕ್ಕಾಲು ಬೋಳು. ಅವನು ಕತ್ತೆತ್ತಿ ನೋಡಿದ್ದು ಜೀಪನ್ನು. ಇಳಿದವರ ಕಡೆ ಅವನ ಗಮನವೇ ಹೋಗಲಿಲ್ಲ. ಡಬ್ಬಿಯನ್ನು ಪಕ್ಕಕ್ಕಿಟ್ಟು, ಎಡಗೈಯಿಂದ ಜೇಬಿನ ಕನ್ನಡಕ ತೆಗೆದು ಮೂಗಿಗೇರಿಸಿ, ಹಿಂದಿನ ಎಡ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬಗ್ಗಿ ನೋಡಿದ.

"ಈ ನಡುಬೋಲ್ಟು ನಾನು ಹಾಕಿದ್ದಲ್ಲ. ಆದರೆ ಸರಿಯಾಗಿದೆ. ಯಾರು ಮುಟ್ಟಿದ್ದು?"

"ನಾನು" ಎಂದಳು ಅವಳು ಜೀಪಿನ ಆಚೆ ಬದಿಯಿಂದ.

ಅವನು ನಿಧಾನಕ್ಕೆ ಎದ್ದು ನಿಂತ. ಬಾನೆಟ್ಟಿನ ಮೇಲಿನಿಂದ ಅವಳನ್ನು ನೋಡಿದ. ತುತ್ತು ಇನ್ನೂ ಬಾಯಲ್ಲಿತ್ತು. ಅದನ್ನು ಅಗಿದು ನುಂಗುವವರೆಗೆ ಇಬ್ಬರೂ ಕಾದರು.

"ಪುಟ್ಟಿ" ಎಂದ.

ಡಾಕ್ಟರಮ್ಮ ತಮಗೆ ಕ್ವಾರಿಯ ಕಡೆ ಏನೋ ನೋಡುವುದಿದೆ ಎಂದು ಹೊರಟುಬಿಟ್ಟರು.

ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಹಿಂದಕ್ಕೆ ಎರಡು ಅಂದಿದ್ದು ನಾನು ಅಣ್ಣ. ಮುಂದಕ್ಕೆ ಎರಡು ಇತ್ತು. ಅಪ್ಪನಿಗೆ ಹೇಳಿದೆ. ಈ ಮಂಗಳವಾರ ಹೇಳಿದೆ" ಎಂದು ಒಂದೇ ಉಸಿರಿಗೆ ಒದರಿದಳು.

"ಅಯ್ಯೋ, ಅದಾ?" ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನೀನು ತಪ್ಪು ಓದಿದ್ದು ಗಾಡಿ ಹಳ್ಳಕ್ಕೆ ಬಿದ್ದ ದಿನವೇ ಗೊತ್ತಾಯ್ತು. ಆದರೆ ಗಾಡೀನ ದೊಡ್ಡ ರಸ್ತೇಲಿ ಓಡಿಸಿ ನೋಡದೆ ಕೊಟ್ಟೋನು ನಾನಲ್ವಾ? ನಮ್ಮ ಬೀದೀಲೇ ಒಂದು ಸುತ್ತು ಹಾಕಿ ಕೀಲಿ ಕೊಟ್ಟುಬಿಟ್ಟೆ. ಓಡಿಸಿದ್ದರೆ ಗೊತ್ತಾಗ್ತಿತ್ತು. ನನ್ನದೇ ತಪ್ಪು ಅಂದಿದ್ದು ನಿನ್ನನ್ನ ಉಳಿಸೋಕಲ್ಲ ಪುಟ್ಟಿ. ನಿಜವಾಗಲೂ ನನ್ನದೇ."

"ಮತ್ತೆ ಯಾಕೆ ಹೋದೆ?"

ಅವನು ಬಾನೆಟ್ಟಿನ ಮೇಲಿನ ದೂಳನ್ನು ಅಂಗೈಯಿಂದ ಒರೆಸಿದ. "ಹೋಗಬೇಕು ಅಂತ ಅದಕ್ಕೂ ಮುಂಚೆ ಎರಡು ವರ್ಷದಿಂದ ಇತ್ತು. ಅಪ್ಪನ ನೆಲ, ಅಪ್ಪನ ಕುರ್ಚಿ, ಅಪ್ಪನ ಮಾತು. ಅವರು ಬೈದಾಗ ಬಾಗಿಲು ತೆಗೆದ ಹಾಗಾಯ್ತು. ಕೋಪ ಒಂದು ವರ್ಷ ಇತ್ತು. ಆಮೇಲೆ ನಾಚಿಕೆ. ಇಷ್ಟು ದಿನ ಆಯ್ತಲ್ಲ, ಈಗ ಯಾವ ಮುಖ ಇಟ್ಕೊಂಡು ಹೋಗಲಿ ಅಂತ. ಆ ನಾಚಿಕೆ ವರ್ಷ ವರ್ಷ ಬೆಳೀತು."

ಅವಳಿಗೆ ಹಗುರವಾಗಬೇಕಿತ್ತು. ಹದಿನೇಳು ವರ್ಷ ಹೊತ್ತ ಕಲ್ಲು ತನ್ನದಲ್ಲ ಎಂದು ಅವನೇ ಹೇಳಿದ್ದ. ಆದರೆ ಹಗುರವಾಗಲಿಲ್ಲ. ಅಂದರೆ ಅವನು ತನ್ನಿಂದಾಗಿ ಹೋದವನಲ್ಲ. ತನ್ನನ್ನೂ ಬಿಟ್ಟು ಹೋದವನು. ತಾನು ಹಗಲಿರುಳು ಹಂಬಲಿಸುತ್ತಿದ್ದಾಗ ಅವನು ಇಲ್ಲಿ, ಅರ್ಧ ದಿನದ ದಾರಿಯಲ್ಲಿ, ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ.

"ನನ್ನ ನೆನಪು ಆಗ್ತಿರಲಿಲ್ವಾ?"

"ಆಪಿಗೆ ಅಂಕಿ ಹೊಡೆದಾಗಲೆಲ್ಲ ಆಗ್ತಿತ್ತು" ಎಂದ ಅವನು. "ಸುಮ್ಮನೆ ಹೇಳ್ತಿಲ್ಲ. ಹೊಸ ಅಚ್ಚು ತರೋಕೆ ಮನಸ್ಸೇ ಬರಲಿಲ್ಲ."

ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ ಕಾಣುತ್ತಿತ್ತು. ಹಗ್ಗದ ಮೇಲೆ ಒಂದು ಸೀರೆ, ಪಕ್ಕದಲ್ಲಿ ಶಾಲೆಯ ನೀಲಿ ಲಂಗ. ಅವಳ ಕಣ್ಣು ತಾನಾಗಿಯೇ ಲಂಗದ ಉದ್ದ ಅಳೆಯಿತು. ಎಂಟು ವರ್ಷವಿರಬೇಕು. ಒಂಬತ್ತಲ್ಲ.

"ಎಂಟು" ಎಂದ ಅಣ್ಣ, ಅವಳ ನೋಟ ಹಿಡಿದು. "ಅವಳಮ್ಮ ಅದೇ ಶಾಲೇಲಿ ಟೀಚರು. ಇವತ್ತು ಶನಿವಾರ ಆದರೂ ಶಾಲೇಲಿ ಏನೋ ಕಾರ್ಯಕ್ರಮ, ನಾಲ್ಕಕ್ಕೆ ಬರ್ತಾರೆ. ಇರು, ನೋಡ್ಕೊಂಡು ಹೋಗು."

ಗಂಟೆ ಒಂದೂವರೆ. ಲಸಿಕೆಯ ಮಂಜುಗಡ್ಡೆ ನಾಲ್ಕರವರೆಗೆ ಕಾಯುವಂಥದ್ದಲ್ಲ. ಎದ್ದುಹೋಗಿ ಆ ಲಂಗವನ್ನೊಮ್ಮೆ ಮುಟ್ಟಿ ಬರಬೇಕೆನ್ನಿಸಿತು. ಒಣಗಿದೆಯೋ ಎಂದು ನೋಡುವ ನೆಪ ಸಾಕಿತ್ತು. ಹೋಗಲಿಲ್ಲ. ಅದರ ಬದಲು ಫೋನು ತೆಗೆದು ಅಪ್ಪನ ನಂಬರು ಒತ್ತಿ, ಗಂಟೆ ಬಾರಿಸುತ್ತಿರುವಾಗಲೇ ಬಾನೆಟ್ಟಿನ ಮೇಲಿನಿಂದ ಅಣ್ಣನ ಕೈಗೆ ಕೊಟ್ಟಳು. ಅವನು ಬಿಸಿ ಕೆಂಡ ಹಿಡಿದವನಂತೆ ಹಿಡಿದುಕೊಂಡ.

"ಹಲೋ" ಎಂದರು ಅಪ್ಪ. ಅವರು ಫೋನಿನಲ್ಲಿ ಯಾವಾಗಲೂ ಕೂಗಿ ಮಾತಾಡುವವರು. ಅವಳಿಗೂ ಕೇಳುತ್ತಿತ್ತು.

"ನಾನಪ್ಪ."

ಆ ಕಡೆ ಬೀದಿಯಲ್ಲಿ ಯಾವುದೋ ಸ್ಕೂಟರು ಹೋದ ಸದ್ದು ಬಂತು.

"ಆ ಜೀಪು ಎಷ್ಟು ಎತ್ತರಿಸಿದ್ದೀಯ?" ಎಂದರು ಅಪ್ಪ ಕೊನೆಗೆ.

"ಎರಡೂವರೆ ಇಂಚು."

"ಮೂರು ಹೋಗಬಹುದಿತ್ತು."

"ಹೋಗಬಹುದಿತ್ತು. ಆದರೆ ಮೂರಕ್ಕೆ ಹಿಂದಿನ ಚಕ್ರ ತಿರುಗಿಸೋ ಶಾಫ್ಟು ಕರ್ರ್ ಅನ್ನತ್ತೆ."

"ಆಪು ಹಿಂದುಗಡೇನೂ ಕೊಟ್ಟಿದ್ದೀಯಲ್ಲ?"

"ಕೊಟ್ಟಿದ್ದೀನಿ. ಆದರೂ ಅನ್ನತ್ತೆ."

"ಹೂಂ. ಹಾಗಾದರೆ ಎರಡೂವರೆನೇ ಸರಿ." ಅಪ್ಪ ಕೆಮ್ಮಿದರು. "ಓಡಿಸಿ ನೋಡಿದ್ಯಾ?"

ಅಣ್ಣ ಮುಖ ಆಚೆ ತಿರುಗಿಸಿದ. "ನೂರು ಕಿಲೋಮೀಟರು ಓಡಿಸಿ ನೋಡ್ತೀನಿ ಅಪ್ಪ. ಪ್ರತಿಯೊಂದನ್ನೂ."

"ಊಟ ಮಾಡಿದ್ಯಾ?"

"ಮಾಡ್ತಿದ್ದೆ. ಇವಳು ಬಂದ್ಲು."

"ಹೋಗು, ಮಾಡು. ತಣ್ಣಗಾಗತ್ತೆ." ಫೋನು ಇಟ್ಟರು.

ಅವನು ಹೋಗಿ ಟೈರಿನ ಮೇಲೆ ಕೂತು, ಹೇಳಿದ ಮಾತು ಕೇಳುವ ಮಗುವಿನಂತೆ, ಉಳಿದ ಅನ್ನವನ್ನು ಪೂರ್ತಿ ಉಂಡ. ಕಣ್ಣೀರು ಕನ್ನಡಕದ ಒಳಗಿನಿಂದಲೇ ಇಳಿಯುತ್ತಿತ್ತು, ಅವನು ಒರೆಸಲಿಲ್ಲ. ಅವಳು ಎದುರಿಗೆ ಒಂದು ಪೆಟ್ಟಿಗೆಯ ಮೇಲೆ ಕೂತು ಅವನು ಉಣ್ಣುವುದನ್ನು ನೋಡಿದಳು. ಹೊರಗೆ ಡಾಕ್ಟರಮ್ಮ ಕೆಮ್ಮಿದರು.

"ಬರ್ತೀಯಾ?" ಎಂದಳು ಎದ್ದು.

"ಬರ್ತೀನಿ ಅಂತ ಹೇಳಬೇಡ. ಬರಲ್ಲ ಅಂತಾನೂ ಹೇಳಬೇಡ. ಅವರಿಗೆ ಸುಳ್ಳು ಹೇಳಿ ಆಸೆ ಹುಟ್ಟಿಸೋದು ಬೇಡ."

ಸಂಜೆ ಮನೆಗೆ ಬಂದಾಗ ಅಪ್ಪ ಇನ್ನೂ ಶೆಡ್ಡಿನ ಕುರ್ಚಿಯಲ್ಲೇ ಇದ್ದರು. ಕನ್ನಡಕ ಹಾಕ್ತಾನೆ, ಕೂದಲು ಹೋಗಿದೆ, ಹೆಂಡತಿ ಟೀಚರು, ಮಗಳಿಗೆ ಎಂಟು ಎಂದು ಅವಳು ಒಂದೊಂದಾಗಿ ಹೇಳಿದಳು. ಅಪ್ಪ ಒಂದೊಂದಕ್ಕೂ ತಲೆದೂಗಿದರು. ಮಗಳು ಅಂದಾಗ ಮಾತ್ರ, "ಮತ್ತೆ ಹೇಳು" ಎಂದರು. ಅವಳು ಮತ್ತೆ ಹೇಳಿದಳು. ಅವತ್ತಿನಿಂದ ಅಪ್ಪ ಅವಳೊಂದಿಗೆ ಮಾತಾಡತೊಡಗಿದರು. ಆದರೆ ಹಳೆಯ ಸಲಿಗೆ ಬರಲು ಮಳೆಗಾಲ ಪೂರ್ತಿ ಹಿಡಿಯಿತು. ಅದಕ್ಕೆ ಅವಳು ದೂರಲಿಲ್ಲ.

ಅಣ್ಣ ಇನ್ನೂ ಬಂದಿಲ್ಲ. ಭಾನುವಾರ ಹನ್ನೊಂದಕ್ಕೆ ಫೋನು ಬರುತ್ತದೆ. ಅಪ್ಪ ಹತ್ತೂವರೆಗೇ ಕ್ಷೌರ ಮುಗಿಸಿ ಕೂತಿರುತ್ತಾರೆ. ಬೇರಿಂಗು, ಗೇರು, ಯಾವ ಕಂಪನಿಯ ಉಕ್ಕು ಈಗ ಕೆಟ್ಟಿದೆ ಎನ್ನುವುದೇ ಇಬ್ಬರ ಮಾತು. ಇಪ್ಪತ್ತು ನಿಮಿಷ ಕೂಗಾಡಿದ ಮೇಲೆ ಅಪ್ಪ ಫೋನನ್ನು ಅವಳ ಕೈಗೆ ಕೊಡುತ್ತಾರೆ. ಹೆಚ್ಚು ಸಲ ಆಗ ಆ ಕಡೆ ಇರುವುದು ಆ ಹುಡುಗಿ. ಲೆಕ್ಕದಲ್ಲಿ ಚುರುಕು, ಪ್ರಶ್ನೆಯಲ್ಲಿ ಇನ್ನೂ ಚುರುಕು. ಬೇಸಿಗೆ ರಜೆಗೆ ಅಜ್ಜನ ಮನೆಗೆ ಕರೆದುಕೊಂಡು ಹೋಗು ಅಂತ ದಿನಾ ತನ್ನಪ್ಪನ ಜೀವ ತಿನ್ನುತ್ತಾಳಂತೆ. ಅವನು ನೋಡೋಣ ಎನ್ನುತ್ತಾನಂತೆ.

ಕಳೆದ ಭಾನುವಾರ ಕೇಳಿದಳು, "ಅತ್ತೆ, ನೀವು ಎಷ್ಟು ಎತ್ತರ? ನಮ್ಮಪ್ಪನಿಗೆ ಎಲ್ಲೀವರೆಗೆ ಬರ್ತೀರಾ?"

"ಅವನ ಭುಜದವರೆಗೆ" ಎಂದು ಥಟ್ಟನೆ ಅಂದುಬಿಟ್ಟಳು ಅವಳು. ಅಂದ ಮೇಲೆ, ಅದು ಹತ್ತೊಂಬತ್ತರ ಲೆಕ್ಕವೆಂದು ಹೊಳೆಯಿತು. ಆಮೇಲೂ ಅವಳು ಸ್ವಲ್ಪ ಬೆಳೆದಿದ್ದಳು. ಅವನು ಈಗ ತುಸು ಬಾಗಿದ್ದಾನೆ. ಆ ಶನಿವಾರ ಸುಣ್ಣದ ಗೂಡಿನ ಪಕ್ಕ ಒಂದು ಗಂಟೆ ಎದುರುಬದುರು ಇದ್ದರೂ, ನಡುವೆ ಒಂದು ಸಲ ಜೀಪಿತ್ತು, ಒಂದು ಸಲ ಊಟದ ಡಬ್ಬಿಯಿತ್ತು. ಅವನ ಪಕ್ಕಕ್ಕೆ ಹೋಗಿ ಅವಳು ನಿಂತೇ ಇರಲಿಲ್ಲ.

"ಸರಿಯಾಗಿ ಗೊತ್ತಿಲ್ಲ ಕಣೇ" ಎಂದಳು. "ನೀನೇ ಬಂದು ಅಳೆದು ಹೇಳು."

"ನನ್ನ ಹತ್ರ ಶಾಲೆ ಸ್ಕೇಲಿದೆ, ಹದಿನೈದು ಸೆಂಟಿಮೀಟರು."

"ಸಾಕಾಗಲ್ಲ. ಇಲ್ಲಿ ದೊಡ್ಡ ಟೇಪಿದೆ. ಬಾ."

"ಅಪ್ಪನ್ನ ಕೇಳಿ ಹೇಳ್ತೀನಿ" ಎಂದಳು ಹುಡುಗಿ. ಫೋನನ್ನು ಅಲ್ಲೇ ಇಟ್ಟು ಓಡಿದಳು. ಈ ಕಡೆ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ದೂರದಲ್ಲಿ ಅಣ್ಣ ತಗಡಿನ ಮೇಲೆ ಏನೋ ಬಡಿಯುತ್ತಿದ್ದ ಸದ್ದನ್ನು, ಅದು ಇದ್ದಕ್ಕಿದ್ದಂತೆ ನಿಂತದ್ದನ್ನು, ಕೇಳುತ್ತ ನಿಂತಳು.